‘ಬೇಕಿತ್ತು’ ಹೋಗಿ ‘ಬೇಕು’ ಬರುವ ಹೊತ್ತು

ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಅವರು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಹೊಸದು. ಮೊದಲ ಪುಟದಲ್ಲಿ ‘ಕಲಿತ ಪಾಠಗಳು’ ಅಂತ ದಪ್ಪಕ್ಷರದಲ್ಲಿ ಬರೆದು, ಸ್ಕೇಲ್ ಇಟ್ಟು ಅಡಿಗೆರೆ ಎಳೆದಿದ್ದರು. ಕೆಳಗೆ 1ರಿಂದ 10ರವರೆಗೆ ಅಂಕಿಗಳು. ಅಂಕಿಗಳ ಮುಂದೆ ಏನೂ ಇಲ್ಲ, ಖಾಲಿ.

“ಬಿಸಿನೆಸ್ ಮುಚ್ಚಿ ನಾಲ್ಕು ವಾರ ಆಯ್ತು ಮೇಡಂ. ಇದರಿಂದ ಏನು ಕಲಿತೆ ಅಂತ ದಿನಾ ಬರೆಯೋಕೆ ಕೂತ್ಕೋತೀನಿ. ಒಂದೂ ಹೊಳೆಯಲ್ಲ. ನೀವಾದ್ರೂ ಹೇಳಿ.”

ನಾನು ಹೇಳಲಿಲ್ಲ. ರಾತ್ರಿ ನಿದ್ದೆ ಎಷ್ಟು ಹೊತ್ತು ಬರುತ್ತೆ ಅಂತ ಕೇಳಿದೆ. ಮೂರು ಗಂಟೆ ಅಂದರು. ಫೋನನ್ನು ಯಾಕೆ ಮೇಜಿನ ಮೇಲೆ ಬೋರಲು ಹಾಕಿದ್ದೀರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಫೋನ್ ತಿರುಗಿಸಿ ನನ್ನ ಕಡೆ ತಳ್ಳಿದರು. ಹನ್ನೊಂದು ದಿನದಿಂದ ಸೈಲೆಂಟ್‌ನಲ್ಲಿತ್ತು. ಮಿಸ್ಡ್ ಕಾಲ್ 64.

ಜೀವನದ ಪಾಠ ಬರೆಯಲು ದಿನಾ ಕೂರುವ ಮನುಷ್ಯನಿಗೆ ಫೋನ್ ಎತ್ತಲು ಧೈರ್ಯ ಇರಲಿಲ್ಲ.

ನಾನು ಆಪ್ತ ಸಮಾಲೋಚಕಿ. ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ದಾಟಿದೆ. ಕೆಲವರು ‘ಡಾಕ್ಟ್ರೇ’ ಅನ್ನುತ್ತಾರೆ. ಮಾತ್ರೆ ಬರೆಯುವವರು ಮನೋವೈದ್ಯರು, ನಾನು ಅಲ್ಲ ಅಂತ ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ನೆ ಬಿಟ್ಟಿದ್ದೇನೆ. ಈ ಬರಹದಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ‘ಕಷ್ಟದ ಕಾಲದಲ್ಲಿ ಭರವಸೆ ಹುಡುಕೋದು ಹೇಗೆ’ ಅಂತ ಬರೆದುಕೊಡಿ ಎಂದು ಕೇಳಿದವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಆ ಹತ್ತು ಖಾಲಿ ಅಂಕಿಗಳು ನೆನಪಾಗುತ್ತವೆ.

ಕಷ್ಟ ಪಾಠ ಕಲಿಸುತ್ತೆ ಅನ್ನುವುದು ಸುಳ್ಳಲ್ಲ. ಆದರೆ ಆ ಪಾಠ ಕಷ್ಟದ ಜೊತೆಜೊತೆಗೇ ಬರುವುದಿಲ್ಲ. ತಡವಾಗಿ ಬರುತ್ತೆ, ನಾವು ಬೇರೆ ಏನೋ ಮಾಡುತ್ತಿರುವಾಗ ಪಕ್ಕದ ಬಾಗಿಲಿನಿಂದ ಬರುತ್ತೆ. ಕಷ್ಟದ ನಡುಮಧ್ಯೆ ನಿಂತವರಿಗೆ ‘ಏನು ಕಲಿತೆ?’ ಅಂತ ಕೇಳಿದರೆ ಇದ್ದ ಹೊರೆಯ ಮೇಲೆ ಇನ್ನೊಂದು ಮೂಟೆ ಇಟ್ಟ ಹಾಗೆ. ವ್ಯವಹಾರದಲ್ಲೂ ಸೋತೆ, ಪಾಠ ಕಲಿಯುವುದರಲ್ಲೂ ಸೋತೆ ಅಂತ ಅವರು ಕುಗ್ಗುತ್ತಾರೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಗಂಡ ತೀರಿಕೊಂಡು ಮೂರು ವಾರ ಆಗಿದ್ದ ಒಬ್ಬ ಹೆಂಗಸು ಎದುರಿಗೆ ಕೂತಿದ್ದರು. ಅವರು ಅಳುತ್ತಾ ಇರಲಿಲ್ಲ, ಸೆರಗಿನ ತುದಿಯ ಒಂದು ನೂಲನ್ನು ಎಳೆಯುತ್ತಾ ಇದ್ದರು. ಆ ಮೌನ ನನಗೇ ತಡೆಯಲಾಗಲಿಲ್ಲ. “ಈ ನೋವು ನಿಮ್ಮನ್ನ ಗಟ್ಟಿ ಮಾಡುತ್ತೆ ಅಮ್ಮಾ” ಅಂದುಬಿಟ್ಟೆ. ಅವರು ತಲೆ ಎತ್ತಿ ನೋಡಿದರು. “ನಂಗೆ ಗಟ್ಟಿ ಆಗೋದು ಬೇಡ ಮೇಡಂ. ಅವರು ಬೇಕು.” ಆ ನೂಲು ಕಿತ್ತು ಕೈಗೆ ಬಂತು. ಮುಂದಿನ ವಾರ ಅವರು ಬರಲಿಲ್ಲ. ಆಮೇಲೆ ಯಾವತ್ತೂ ಬರಲಿಲ್ಲ.

ಸಮಾಧಾನದ ಮಾತು ಎಷ್ಟೋ ಸಲ ಕೇಳುವವರಿಗಿಂತ ಹೇಳುವವರಿಗೇ ಬೇಕಾಗಿರುತ್ತೆ. ಅವತ್ತು ಅದು ನನಗೆ ಬೇಕಾಗಿತ್ತು.

ಈಗ ಮೊದಲ ದಿನ ನಾನು ಮಾತಿಗಿಂತ ಜಾಸ್ತಿ ವ್ಯಾಕರಣ ಕೇಳಿಸಿಕೊಳ್ಳುತ್ತೇನೆ. ನಗಬೇಡಿ. ಸಂಕಟದಲ್ಲಿರುವವರ ಮಾತಿನಲ್ಲಿ ಒಂದೇ ಬಗೆಯ ಕ್ರಿಯಾಪದ ಮತ್ತೆ ಮತ್ತೆ ಬರುತ್ತದೆ. ಮೊದಲೇ ಟೆಸ್ಟ್ ಮಾಡಿಸಬೇಕಿತ್ತು. ಅವತ್ತು ಹಾಗೆ ಹೇಳಬಾರದಿತ್ತು. ಅವನನ್ನು ನಂಬಬಾರದಿತ್ತು. ಆ ಸಹಿ ಹಾಕೋ ಮೊದಲು ಯೋಚಿಸಬೇಕಿತ್ತು. ನನ್ನ ಡೈರಿಯ ಎಡ ಅಂಚಿನಲ್ಲಿ ಒಂದೊಂದು ‘ಬೇಕಿತ್ತು’ಗೂ ಒಂದೊಂದು ಗೀಟು ಹಾಕುತ್ತೇನೆ. ಬಲ ಅಂಚಿನಲ್ಲಿ ‘ಬೇಕು’ಗಳಿಗೆ ಗೀಟು. ನಾಳೆ ಹೋಗಬೇಕು, ಅವಳನ್ನ ಕೇಳಬೇಕು, ಹೀಗೆ. ಇದು ಯಾವ ಪಠ್ಯದಲ್ಲೂ ಇಲ್ಲ, ನನ್ನದೇ ಒಂದು ಅಭ್ಯಾಸ. ನೋಟ್‌ಬುಕ್ ತಂದವರ ಮೊದಲ ಗಂಟೆಯಲ್ಲಿ ಎಡಕ್ಕೆ 23 ಗೀಟು ಬಿದ್ದವು. ಬಲಕ್ಕೆ ಒಂದು: “ಸ್ವಲ್ಪ ನೀರು ಬೇಕು ಮೇಡಂ.”

‘ಬೇಕಿತ್ತು’ ಅನ್ನುವುದು ಕೆಟ್ಟದ್ದೇನಲ್ಲ. ಅದು ಮನಸ್ಸು ಲೆಕ್ಕ ಹಾಕುವ ರೀತಿ. ತೊಂದರೆ ಏನೆಂದರೆ ಆ ಲೆಕ್ಕಕ್ಕೆ ಉತ್ತರವೇ ಇಲ್ಲ, ಯಾಕೆಂದರೆ ನಿನ್ನೆಗೆ ಯಾರ ಕೈಯೂ ಎಟುಕುವುದಿಲ್ಲ. ಕೈ ಎಟುಕದ ಜಾಗದಲ್ಲಿ ಮನುಷ್ಯ ಜಾಸ್ತಿ ದಿನ ಇದ್ದರೆ ಏನಾಗುತ್ತಾನೆ ಅನ್ನುವುದಕ್ಕೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಕಥೆ ಇದೆ. ಅದರ ದ್ವಿತೀಯಾರ್ಧವನ್ನು ಕೇಳಿದವರು ಕಡಿಮೆ.

1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅನ್ನುವ ಇಬ್ಬರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳು ಪ್ರಕಟವಾದವು. ಇವತ್ತು ಓದಿದರೆ ಹೊಟ್ಟೆ ಕಿವುಚುತ್ತೆ. ಕೆಲವು ನಾಯಿಗಳಿಗೆ, ಅವು ಏನೇ ಮಾಡಿದರೂ ನಿಲ್ಲದ ವಿದ್ಯುತ್ ಶಾಕ್ ಕೊಟ್ಟರು. ಮರುದಿನ ಅವನ್ನೇ ಬೇರೆ ಪೆಟ್ಟಿಗೆಯಲ್ಲಿ ಬಿಟ್ಟರು. ಇಲ್ಲಿ ಒಂದು ಸಣ್ಣ ತಡೆಯನ್ನು ಹಾರಿದರೆ ಸಾಕು, ಶಾಕ್ ತಪ್ಪುತ್ತಿತ್ತು. ಹೆಚ್ಚಿನವು ಹಾರಲಿಲ್ಲ. ಅಲ್ಲೇ ಮಲಗಿ ಕುಂಯ್‌ಗುಟ್ಟುತ್ತಾ ಸಹಿಸಿಕೊಂಡವು. ‘ಏನು ಮಾಡಿದರೂ ಅಷ್ಟೇ’ ಅನ್ನುವುದನ್ನು ಆ ನಾಯಿಗಳು ಕಲಿತಿವೆ ಅಂತ ಅವರು ಅರ್ಥ ಮಾಡಿಕೊಂಡರು. ಅದಕ್ಕೆ ಕಲಿತ ಅಸಹಾಯಕತೆ ಅಂತ ಹೆಸರಾಯಿತು. ಖಿನ್ನತೆಯ ಬಗ್ಗೆ ಬರೆದವರೆಲ್ಲ ಅದನ್ನು ಬಳಸಿದರು, ನಾನೂ ಪರೀಕ್ಷೆಯಲ್ಲಿ ಬರೆದು ಪಾಸಾದೆ.

ಅದಾಗಿ ಹೆಚ್ಚು ಕಡಿಮೆ ಐವತ್ತು ವರ್ಷಕ್ಕೆ, 2016ರಲ್ಲಿ, ಅದೇ ಇಬ್ಬರು ಕೂತು ಇನ್ನೊಂದು ಲೇಖನ ಬರೆದರು. ನಮ್ಮ ಮೂಲ ವಿವರಣೆ ಉಲ್ಟಾ ಆಗಿತ್ತು ಅಂತ ಅವರೇ ಒಪ್ಪಿಕೊಂಡರು! ಈ ಮಧ್ಯೆ ಮೇಯರ್ ಮೆದುಳಿನ ನರಗಳ ಅಧ್ಯಯನದ ಕಡೆ ಹೋಗಿದ್ದರು. ಅಲ್ಲಿ ಕಂಡದ್ದು ಇಷ್ಟು: ಕಷ್ಟ ಬಹಳ ಹೊತ್ತು ಮುಂದುವರಿದರೆ ಕೈಚೆಲ್ಲಿ ಕೂರುವುದು ಪ್ರಾಣಿಯ ಮೆದುಳಿನ ಹುಟ್ಟುಸ್ವಭಾವ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದ್ದು ಇನ್ನೊಂದು. ‘ನಾನು ಮಾಡಿದ್ದರಿಂದ ಏನೋ ಬದಲಾಯಿತು’ ಅನ್ನುವುದನ್ನು ಮೆದುಳಿನ ಮುಂಭಾಗ ಗಮನಿಸಿದರೆ, ಅದು ಆ ಕೈಚೆಲ್ಲುವ ಸ್ವಭಾವವನ್ನು ತಡೆಹಿಡಿಯುತ್ತೆ.

ನನ್ನ ಕೆಲಸದ ಮಟ್ಟಿಗೆ ಇದು ದೊಡ್ಡ ಸುದ್ದಿ. ಹಾಸಿಗೆಯಿಂದ ಏಳಲಾಗದೆ ಬಿದ್ದವರು ಎಲ್ಲೋ ತಪ್ಪು ಕಲಿತವರಲ್ಲ, ಸೋಮಾರಿಗಳಂತೂ ಅಲ್ಲವೇ ಅಲ್ಲ. ಅವರ ಮೆದುಳು ಹುಟ್ಟಿನಿಂದ ಬಂದ ಕೆಲಸ ಮಾಡುತ್ತಿದೆ ಅಷ್ಟೇ. ಅವರಿಗೆ ಬೇಕಾದದ್ದು ‘ನಾನು ಮಾಡಿದೆ, ಬದಲಾಯಿತು’ ಅನ್ನುವ ಒಂದು ಅನುಭವ. ಎಷ್ಟು ಸಣ್ಣದಾದರೂ ಪರವಾಗಿಲ್ಲ.

ಅಂದ ಹಾಗೆ ಆ ನಾಯಿಗಳು ಆಮೇಲೆ ಸರಿಹೋದದ್ದು ಹೇಗೆ ಗೊತ್ತಾ? ಸಂಶೋಧಕರು ಕೊರಳಿಗೆ ಹಗ್ಗ ಕಟ್ಟಿ, ಎಳೆದು, ಆಚೆ ಬದಿಗೆ ದಾಟಿಸಿದರು. ಒಂದು ಸಲಕ್ಕೆ ಆಗಲಿಲ್ಲ. ಮತ್ತೆ ಮತ್ತೆ ಎಳೆದ ಮೇಲೆ ಅವು ತಾವಾಗಿಯೇ ಹಾರತೊಡಗಿದವು.

ನಾನು ಹಗ್ಗ ಕಟ್ಟಲಿಲ್ಲ ಬಿಡಿ. ಆದರೆ 64 ಕರೆಗಳ ಪಟ್ಟಿಯನ್ನು ಇಬ್ಬರೂ ಕೂತು ನೋಡಿದೆವು. “ಇದರಲ್ಲಿ ಯಾರಿಗೆ ಫೋನ್ ಮಾಡೋದು ಎಲ್ಲಕ್ಕಿಂತ ಸುಲಭ?” ಅಂತ ಕೇಳಿದೆ. ಅವರು ಸಾಲ ಕೊಟ್ಟವರ ಹೆಸರು ತೋರಿಸಿದರು. ಯಾಕೆಂದರೆ ಅದೇ ಮುಖ್ಯವಂತೆ. ನಾನು ಮುಖ್ಯ ಕೇಳಲಿಲ್ಲ, ಸುಲಭ ಕೇಳಿದ್ದು ಅಂದೆ. ಪಟ್ಟಿಯನ್ನು ಮೇಲೆ ಕೆಳಗೆ ಮಾಡಿ ಕೊನೆಗೆ ಚಿಕ್ಕಮ್ಮನ ಹೆಸರಿನ ಮೇಲೆ ಬೆರಳಿಟ್ಟರು. ಅವರೊಬ್ಬರೇ ಒಂಬತ್ತು ಸಲ ಮಾಡಿದ್ದರು. ಅವರು ಎತ್ತದಿದ್ದರೆ ಏನು ಮಾಡ್ತೀರಿ? ಮೆಸೇಜ್ ಹಾಕ್ತೀನಿ. ಏನಂತ? ‘ಚೆನ್ನಾಗಿದೀನಿ, ಸಂಜೆ ಮಾಡ್ತೀನಿ’ ಅಂತ. ಚೆನ್ನಾಗಿಲ್ಲವಲ್ಲ? ಸರಿ, ‘ಇದೀನಿ ಚಿಕ್ಕಮ್ಮ’ ಅಂತ.

ನನ್ನೆದುರಿಗೇ ಮಾಡಿದರು. ಎರಡು ನಿಮಿಷದ ಮಾತು. ಆ ಕಡೆಯಿಂದ ಬಂದದ್ದು ನನಗೂ ಕೇಳಿಸಿತು: “ಅಯ್ಯೋ ಇದೀಯೇನೋ! ಸಾಕು ಬಿಡಪ್ಪಾ, ಅಷ್ಟೇ ಬೇಕಿತ್ತು ನಂಗೆ.” ಫೋನ್ ಇಟ್ಟ ಮೇಲೆ ಅವರು ಭುಜ ಇಳಿಬಿಟ್ಟು ಕೂತರು. ಬಂದಾಗಿನಿಂದ ಭುಜ ಕಿವಿಯ ಹತ್ತಿರವೇ ಇತ್ತು ಅನ್ನುವುದು ಅದು ಇಳಿದ ಮೇಲೆ ನನಗೆ ಗೊತ್ತಾಯಿತು.

ಭರವಸೆಯ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ನೈಡರ್. 1991ರಲ್ಲಿ ಅವರು ಕೊಟ್ಟ ವಿವರಣೆಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಭರವಸೆಗೆ ಮೂರು ಕಾಲು. ತಲುಪಬೇಕಾದ ಒಂದು ಜಾಗ, ಅಲ್ಲಿಗೆ ಹೋಗುವ ದಾರಿಗಳು, ನಡೆಯಬಲ್ಲೆ ಅನ್ನುವ ಎದೆಗಾರಿಕೆ. ಜನ ಭರವಸೆ ಅಂದರೆ ಮೂರನೆಯದು ಮಾತ್ರ ಅಂದುಕೊಳ್ಳುತ್ತಾರೆ. ‘ಧೈರ್ಯ ತಗೋ, ನಿನ್ನಿಂದ ಆಗುತ್ತೆ’ ಅನ್ನುತ್ತಾರೆ. ನಾನು ನೋಡಿದ ಮಟ್ಟಿಗೆ ಮೊದಲು ಮುರಿಯುವುದು ಎರಡನೆಯ ಕಾಲು. ಒಂದೇ ದಾರಿ ಇಟ್ಟುಕೊಂಡವರ ಆ ದಾರಿ ಮುಚ್ಚಿಹೋಯಿತು ಅಂದರೆ, ಎದೆಗಾರಿಕೆ ಎಷ್ಟಿದ್ದರೂ ಅದನ್ನು ಇಡುವುದೆಲ್ಲಿ? ಅದಕ್ಕೇ ಚಿಕ್ಕಮ್ಮ ಎತ್ತದಿದ್ದರೆ ಏನು ಅಂತ ಮೊದಲೇ ಕೇಳಿದ್ದು. ಮನೆಯಲ್ಲಿ ಹಿರಿಯರು ‘ಇದಾಗದಿದ್ರೆ ಅದು’ ಅನ್ನುತ್ತಾರಲ್ಲ, ಆ ಎರಡು ಮಾತು ನನ್ನ ಪ್ರಕಾರ ‘ಎಲ್ಲಾ ಸರಿಹೋಗುತ್ತೆ’ಗಿಂತ ತೂಕದ್ದು.

‘ಎಲ್ಲಾ ಸರಿಹೋಗುತ್ತೆ’ಯ ಮೇಲೆ ನನಗೆ ಸ್ವಲ್ಪ ಕೋಪವೇ ಇದೆ. ಅದಕ್ಕೆ ತಾರೀಖು ಸೇರಿಸಿದರಂತೂ ಇನ್ನೂ ಅಪಾಯ. ‘ಈ ತಿಂಗಳ ಕೊನೆಗೆ ಕೆಲಸ ಸಿಕ್ಕೇ ಸಿಗುತ್ತೆ’, ‘ಮುಂದಿನ ಟೆಸ್ಟ್‌ನಲ್ಲಿ ನಾರ್ಮಲ್ ಬಂದೇ ಬರುತ್ತೆ.’ ತಾರೀಖು ದಾಟುತ್ತೆ. ಆಗ ಬೀಳುವ ಪೆಟ್ಟು ಮೊದಲಿನದಕ್ಕಿಂತ ಜೋರು. ನಾಜಿ ಯಾತನಾ ಶಿಬಿರಗಳಲ್ಲಿ ಬದುಕುಳಿದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಇದನ್ನು ದಾಖಲಿಸಿದ್ದಾರೆ. 1944ರ ಕ್ರಿಸ್‌ಮಸ್ ಮತ್ತು 1945ರ ಹೊಸ ವರ್ಷದ ನಡುವಿನ ವಾರದಲ್ಲಿ ಶಿಬಿರದಲ್ಲಿ ಸಾವು ಏರಿತ್ತು. ಕ್ರಿಸ್‌ಮಸ್ ಹೊತ್ತಿಗೆ ಮನೆ ಸೇರುತ್ತೇವೆ ಅಂತ ನಂಬಿದ್ದವರ ನಂಬಿಕೆ ಒಡೆದದ್ದೇ ಕಾರಣ ಅಂತ ಅಲ್ಲಿನ ವೈದ್ಯರೊಬ್ಬರು ಅವರಿಗೆ ಹೇಳಿದ್ದರಂತೆ. ಅದಕ್ಕೆ ನಾನು ಫಲಿತಾಂಶಕ್ಕೆ ತಾರೀಖು ಹಾಕಲು ಬಿಡುವುದಿಲ್ಲ. ಕೆಲಸಕ್ಕೆ ಹಾಕಿಸುತ್ತೇನೆ. ‘ಗುರುವಾರದೊಳಗೆ ಎರಡು ಅರ್ಜಿ ಕಳಿಸ್ತೀನಿ’ ಅನ್ನುವುದು ನಿಮ್ಮ ಕೈಯಲ್ಲಿದೆ. ಕೆಲಸ ಸಿಗುವುದು ಇಲ್ಲ.

ಇನ್ನೊಂದು ಮಾತು ದಿನಾ ಕೇಳುತ್ತೇನೆ: “ಮನಸ್ಸು ಸರಿ ಆಗ್ಲಿ ಮೇಡಂ, ಆಮೇಲೆ ವಾಕಿಂಗ್ ಶುರು ಮಾಡ್ತೀನಿ.” ಇದರಲ್ಲಿ ಹಿಂದು ಮುಂದಾಗಿದೆ. ಖಿನ್ನತೆಯ ಚಿಕಿತ್ಸೆಯಲ್ಲಿ 1970ರ ದಶಕದಿಂದ ಪೀಟರ್ ಲೆವಿನ್‌ಸನ್‌ರಂಥವರು ತೋರಿಸಿಕೊಟ್ಟದ್ದು, ಮೊದಲು ಕಾಲು ಹೋಗಬೇಕು, ಮನಸ್ಸು ಹಿಂದಿನಿಂದ ಬರುತ್ತೆ ಅಂತ. ಮನಸ್ಸು ಬರಲಿ ಅಂತ ಕಾದರೆ ಕಾಯುತ್ತಲೇ ಇರಬೇಕು. ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋಗಿ ವಾಪಸ್ ಬನ್ನಿ, ಅಷ್ಟೇ ಅನ್ನುತ್ತೇನೆ. ಕೆಲವರಿಗೆ ಇದು ಅವಮಾನ ಅನ್ನಿಸುತ್ತೆ. ‘ನೂರು ಜನಕ್ಕೆ ಕೆಲಸ ಕೊಟ್ಟವನು ನಾನು, ಗೇಟಿನವರೆಗೆ ನಡೀ ಅಂತೀರಲ್ಲ’ ಅಂತ ಒಬ್ಬರು ರೇಗಿದ್ದರು. ರೇಗಿದ್ದು ನೋಡಿ ನನಗೆ ಒಳಗೊಳಗೇ ಖುಷಿ. ರೇಗುವವರಲ್ಲಿ ಇನ್ನೂ ಜೀವ ಇದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಎಲ್ಲ ಕಷ್ಟವೂ ಮನಸ್ಸಿನದ್ದಲ್ಲ. ಸಾಲಕ್ಕೆ ಲೆಕ್ಕ ಬಲ್ಲವರು ಬೇಕು, ಹೊಡೆಯುವ ಗಂಡನಿಗೆ ಕಾನೂನು ಬೇಕು, ಗೆಡ್ಡೆಗೆ ಡಾಕ್ಟರ್ ಬೇಕು. ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಜಾರಸ್ ಮತ್ತು ಸುಸಾನ್ ಫೋಕ್‌ಮನ್ 1984ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಕಷ್ಟವನ್ನು ಎದುರಿಸುವುದರಲ್ಲಿ ಎರಡು ಬಗೆ. ಸಮಸ್ಯೆಗೇ ಕೈ ಹಾಕುವುದು ಒಂದು, ಸಮಸ್ಯೆ ಎಬ್ಬಿಸಿದ ಭಾವನೆಯನ್ನು ಸಂಭಾಳಿಸುವುದು ಇನ್ನೊಂದು. ಬದಲಾಯಿಸಬಹುದಾದ ಕಡೆ ಮೊದಲನೆಯದು, ಬದಲಾಗದ ಕಡೆ ಎರಡನೆಯದು. ಹಿಂಸೆಯ ಮನೆಯಲ್ಲಿರುವವಳಿಗೆ ‘ಸಹನೆ ಕಲಿ, ತಾಳಿದವನು ಬಾಳಿಯಾನು’ ಅನ್ನುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ. ಆ ಗಾದೆ ಹುಟ್ಟಿದ್ದು ಅದಕ್ಕಲ್ಲ.

ಸರಿ, ಪಾಠದ ವಿಷಯಕ್ಕೆ ಬರೋಣ. ಪಾಠ ತಡವಾಗಿ ಬರುತ್ತೆ ಅಂದೆ. ಬೇಗ ಬಂದವುಗಳನ್ನು ನಾನು ಅನುಮಾನದಿಂದ ನೋಡುತ್ತೇನೆ. ಪೆಟ್ಟು ಬಿದ್ದ ಬಿಸಿಯಲ್ಲಿ ಜನ ಪಾಠ ಕಲಿಯುವುದಿಲ್ಲ ಅಂತಲ್ಲ, ಕಲಿಯುತ್ತಾರೆ. ಆದರೆ ಅಳತೆ ಮೀರಿದ್ದನ್ನು ಕಲಿಯುತ್ತಾರೆ. ಯಾರನ್ನೂ ನಂಬಬಾರದು. ಯಾವತ್ತೂ ಮನಸ್ಸು ಬಿಚ್ಚಬಾರದು. ಎಲ್ಲೂ ನ್ಯಾಯ ಇಲ್ಲ. ನನ್ನಿಂದ ಏನೂ ಆಗಲ್ಲ. ಗಮನಿಸಿದಿರಾ? ಯಾರೂ, ಯಾವತ್ತೂ, ಎಲ್ಲೂ, ಏನೂ. ಎಲ್ಲದಕ್ಕೂ ಬಾಲದಲ್ಲಿ ಒಂದು ‘ಊ’. ಕನ್ನಡದಲ್ಲಿ ಆ ಒಂದು ದೀರ್ಘಕ್ಕೆ ಇಡೀ ಲೋಕವನ್ನು ನುಂಗುವ ಶಕ್ತಿ ಇದೆ.

ಗೆಳೆಯನಿಗೆ ದುಡ್ಡು ಕೊಟ್ಟು ಕಳಕೊಂಡ ಹುಡುಗನೊಬ್ಬ ಬಂದಿದ್ದ. ಇಪ್ಪತ್ತಾರು ವಯಸ್ಸು. “ಯಾರನ್ನೂ ನಂಬಬಾರದು ಅಂತ ಕಲಿತೆ” ಅಂದ, ಸ್ವಲ್ಪ ಹೆಮ್ಮೆಯಿಂದಲೇ. ಇಲ್ಲಿಗೆ ಹೇಗೆ ಬಂದೆಯಪ್ಪಾ ಅಂತ ಕೇಳಿದೆ. ಅಕ್ಕ ಬಸ್ ಹತ್ತಿಸಿದಳು ಅಂದ. ಬಸ್ಸಿನ ಡ್ರೈವರ್‌ನ ನಂಬಿದ್ಯಾ? ನಕ್ಕ. ನನ್ನನ್ನ? “ನೋಡೋಣ ಅಂತ ಬಂದಿದೀನಿ.” ಆ ಪಾಠದ ಬಾಲವನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಲು ನಮಗೆ ಐದಾರು ಭೇಟಿ ಹಿಡಿಯಿತು. ಯಾರನ್ನೂ ನಂಬಬಾರದು ಅನ್ನುವುದು ದುಡ್ಡಿನ ವಿಷಯದಲ್ಲಿ ಗೆಳೆಯರನ್ನು ನಂಬಬಾರದು ಅಂತ ಆಯಿತು. ಅದು ಬರಹದಲ್ಲಿ ಇಲ್ಲದೆ ದೊಡ್ಡ ಮೊತ್ತ ಕೊಡಬಾರದು ಅಂತ ಆಯಿತು. ಕೊನೆಗೆ ಅವನೇ ಹೇಳಿದ್ದು: “ಅವನು ಅರ್ಜೆಂಟ್ ಅರ್ಜೆಂಟ್ ಅಂದಾಗ ನಂಗೆ ಒಳಗೆ ಬೇಡ ಅನ್ನಿಸ್ತಿತ್ತು. ಅರ್ಜೆಂಟ್ ಅಂದವರಿಗೆ ನಾಳೆ ಹೇಳ್ತೀನಿ ಅನ್ನೋದು ಕಲೀಬೇಕು.” ಇದು ಬಳಸಬಹುದಾದ ಪಾಠ. ಇದನ್ನು ಇಟ್ಟುಕೊಂಡು ಬದುಕಬಹುದು. ಮೊದಲನೆಯದನ್ನು ಇಟ್ಟುಕೊಂಡಿದ್ದರೆ ಮದುವೆಯಾಗುವ ಹುಡುಗಿಯನ್ನೂ ಅನುಮಾನಿಸುತ್ತಾ ಇರುತ್ತಿದ್ದ.

ಕಷ್ಟದ ಆಚೆಗೆ ಜನ ಬೆಳೆಯುತ್ತಾರಾ ಅನ್ನುವುದನ್ನು ನಾರ್ತ್ ಕ್ಯಾರೊಲಿನಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೌನ್ ಅಧ್ಯಯನ ಮಾಡಿದರು. 1996ರಲ್ಲಿ 21 ಪ್ರಶ್ನೆಗಳ ಒಂದು ಅಳತೆಪಟ್ಟಿ ಕೊಟ್ಟರು. ಜನ ಹೇಳಿದ ಬದಲಾವಣೆಗಳು ಐದು ಗುಂಪಿಗೆ ಬಂದವು: ಹತ್ತಿರದವರ ಜೊತೆ ನಂಟು ಆಳವಾಗುವುದು, ಹೊಸ ದಾರಿಗಳು ಕಾಣುವುದು, ನನ್ನಲ್ಲೂ ಕಸುವಿದೆ ಅನ್ನಿಸುವುದು, ಆಧ್ಯಾತ್ಮದ ಕಡೆ ನೋಟ ಬದಲಾಗುವುದು, ಬದುಕಿನ ಬೆಲೆ ತಿಳಿಯುವುದು. ಇದನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಆ ಇಬ್ಬರು ಒತ್ತಿ ಹೇಳಿದ ಇನ್ನೆರಡು ಮಾತು ಮಾತ್ರ ಬಿಟ್ಟುಹೋಗುತ್ತೆ. ಬೆಳೆಸುವುದು ಆ ಆಘಾತವಲ್ಲ, ಅದರ ಜೊತೆ ನಡೆಸುವ ಗುದ್ದಾಟ. ಮತ್ತೆ, ಬೆಳೆದವರಿಗೆ ನೋವು ಹೋಗಿರುತ್ತೆ ಅಂತೇನಿಲ್ಲ, ಎರಡೂ ಒಟ್ಟಿಗೇ ಇರಬಹುದು.

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಎರಡು ವರ್ಷವಾದ ಟೀಚರ್ ಒಬ್ಬರು ಇದನ್ನು ನನಗೆ ಬಹಳ ಚೆನ್ನಾಗಿ ಹೇಳಿದ್ದರು. “ನಾನು ಬದಲಾಗಿದೀನಿ ಮೇಡಂ, ನಿಜ. ಮೊದಲು ಮಕ್ಕಳ ಮೇಲೆ ಕೂಗಾಡ್ತಿದ್ದೆ, ಈಗ ಇಲ್ಲ. ತಂಗಿ ಜೊತೆ ಮಾತು ಬಿಟ್ಟಿದ್ದೆ, ಈಗ ದಿನಾ ಮಾತಾಡ್ತೀನಿ. ಆದ್ರೆ ಕಾಯಿಲೆಗೆ ಥ್ಯಾಂಕ್ಸ್ ಹೇಳು ಅಂದ್ರೆ ಹೇಳಲ್ಲ. ಅದು ಬರದೇ ಇದ್ದಿದ್ರೆ ನಾನು ಕೂಗಾಡ್ಕೊಂಡೇ ಆರಾಮಾಗಿ ಇರ್ತಿದ್ದೆ.” ಏನೂ ಕಲಿಯದೆ ಸುಮ್ನೆ ಬದುಕಿ ಉಳಿದವರೂ ಇದ್ದಾರೆ. ಅವರೇನೂ ಕಡಿಮೆಯಲ್ಲ.

ಬರೆಯುವುದು ಉಪಯೋಗವಿಲ್ಲ ಅಂತ ನಾನು ಹೇಳುತ್ತಿಲ್ಲ. 1986ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಮತ್ತು ಸಾಂಡ್ರಾ ಬೀಲ್ ಕೆಲವು ಕಾಲೇಜು ವಿದ್ಯಾರ್ಥಿಗಳಿಂದ ಬದುಕಿನ ಅತಿ ನೋವಿನ ಅನುಭವದ ಬಗ್ಗೆ ಬರೆಸಿದರು. ದಿನಕ್ಕೆ 15 ನಿಮಿಷ, ಸತತ ನಾಲ್ಕು ದಿನ. ಬರೆದು ಎದ್ದಾಗ ಅವರ ಮನಸ್ಸು ಇನ್ನೂ ಭಾರವಾಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ, ನಡೆದದ್ದನ್ನೂ ಅನ್ನಿಸಿದ್ದನ್ನೂ ಎರಡನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋಗುವುದು ಕಡಿಮೆಯಾಗಿತ್ತು. ಇದರ ಪರಿಣಾಮ ಎಲ್ಲರಿಗೂ ಒಂದೇ ತರ ಇರುವುದಿಲ್ಲ, ಕೆಲವರಿಗೆ ಏನೂ ಆಗುವುದಿಲ್ಲ. ಬರೆದಷ್ಟೂ ತಲೆ ಸುತ್ತಿದಂತಾದರೆ ನಿಲ್ಲಿಸಿ. ನಾನು ಹೇಳಬೇಕೆಂದಿದ್ದು ಬೇರೆ. ಅವರು ‘ನಾನು ಕಲಿತ ಹತ್ತು ಪಾಠಗಳು’ ಬರೆಯಲಿಲ್ಲ. ಏನಾಯಿತು, ಹೇಗನ್ನಿಸಿತು ಅಂತ ಬರೆದರು. ಕಾಗುಣಿತ ಕೂಡ ನೋಡಬೇಡಿ ಅಂತ ಸಂಶೋಧಕರು ಹೇಳಿದ್ದರು. ಅಂಕಿ ಹಾಕಿ ಕೂತರೆ ನಮ್ಮೊಳಗಿನ ಮೇಷ್ಟ್ರು ಎದ್ದು ಕೂರುತ್ತಾನೆ, ಮಾರ್ಕ್ಸ್ ಹಾಕಲು.

ಇನ್ನು, ಕಷ್ಟದಲ್ಲಿರುವವರು ನೀವಲ್ಲ, ನಿಮ್ಮ ಹತ್ತಿರದವರು ಅನ್ನಿ. ಏನು ಹೇಳಬೇಕು?

ಕಡಿಮೆ ಹೇಳಿ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಅವರ ಜೊತೆಗಾರರು ದಶಕಗಳ ಕಾಲ ಗಮನಿಸುತ್ತಾ ಬಂದರು. ಬಡತನ, ಮನೆಯಲ್ಲಿ ಜಗಳ, ಕುಡಿತ, ಮಾನಸಿಕ ಕಾಯಿಲೆ ಇಂಥ ಹಲವು ತೊಂದರೆ ಒಟ್ಟಿಗೆ ಇದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದು ನಿಂತರು. ಅಂಥವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡದ್ದು ಒಬ್ಬ ಸ್ಥಿರವಾದ ದೊಡ್ಡವರು. ಅಪ್ಪ ಅಮ್ಮನೇ ಆಗಬೇಕಿರಲಿಲ್ಲ. ಅಜ್ಜಿ, ಚಿಕ್ಕಪ್ಪ, ಟೀಚರ್, ಯಾರಾದರೂ ಸರಿ. ಹತ್ತು ಜನ ಬುದ್ಧಿ ಹೇಳುವವರಿಗಿಂತ ಬಿಟ್ಟುಹೋಗದ ಒಬ್ಬರು ಸಾಕಾಗಿತ್ತು.

“ಏನಾದ್ರೂ ಬೇಕಿದ್ರೆ ಹೇಳು” ಅನ್ನುವುದನ್ನು ಬಿಟ್ಟುಬಿಡಿ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ, ಗೊತ್ತು. ಆದರೆ ಏನು ಬೇಕು ಅಂತ ಯೋಚಿಸಿ, ಸಂಕೋಚ ಮುರಿದು, ಫೋನ್ ಮಾಡಿ ಕೇಳುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ ಹಾಗಾಯಿತು ಅಲ್ವಾ? ‘ಗುರುವಾರ ಮಗೂನ ಶಾಲೆಯಿಂದ ನಾನು ಕರ್ಕೊಂಡ್ಬರ್ತೀನಿ’ ಅನ್ನಿ. ‘ಬ್ಯಾಂಕಿಗೆ ನಾನೂ ಜೊತೆಗೆ ಬರ್ತೀನಿ, ಆಚೆ ಕೂತಿರ್ತೀನಿ’ ಅನ್ನಿ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಬಗ್ಗೆ ಒಂದು ಕೈಪಿಡಿ ತಂದಿದೆ. ಅದರ ಸಾರ ಮೂರೇ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ. ನಡೆದದ್ದನ್ನು ಹೇಳು ಹೇಳು ಅಂತ ಒತ್ತಾಯ ಮಾಡಬೇಡಿ ಅಂತಲೂ ಅದು ಹೇಳುತ್ತೆ. ‘ಮನುಷ್ಯರಿಗೆ ಬರದೆ ಮರಕ್ಕೆ ಬರುತ್ತಾ ಕಷ್ಟ’ ಅನ್ನುವುದು ನಿಜವೇ ಇರಬಹುದು. ಹೇಳಬೇಕು ಅನ್ನಿಸಿದಾಗ ನಾಲಿಗೆ ಕಚ್ಚಿಕೊಳ್ಳಿ.

ಎರಡು ವಾರಕ್ಕೂ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿಯಿಲ್ಲದೆ, ಬೇಸರದಲ್ಲೇ, ನಿದ್ದೆ ಊಟ ಕೆಟ್ಟು ಕೂತಿದ್ದರೆ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ, ಒಬ್ಬರನ್ನೇ ಬಿಡಬೇಡಿ. ಅನುಮಾನ ಬಂದರೆ ‘ಸಾಯೋ ಯೋಚನೆ ಬರ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನುವುದು ತಪ್ಪು ಕಲ್ಪನೆ. ಕೇಳಿದ್ದಕ್ಕೆ ಹಗುರಾದವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ನೋಟ್‌ಬುಕ್‌ನವರು ಎಂಟು ತಿಂಗಳು ಬಂದರು. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಅಪರೂಪಕ್ಕೆ, ಕೊನೆಕೊನೆಗೆ ಮತ್ತೆ ವಾರಕ್ಕೊಮ್ಮೆ, ಯಾಕೆಂದರೆ ನಡುವೆ ಒಂದು ದೊಡ್ಡ ಕುಸಿತ ಇತ್ತು. ಬಿಸಿನೆಸ್ ಮತ್ತೆ ತೆರೆಯಲಿಲ್ಲ. ಸಾಲ ಇನ್ನೂ ಇದೆ, ಕಂತಿನಲ್ಲಿ ಹೋಗುತ್ತಿದೆ. ಬೇರೆಯವರ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುವ ಅರೆಕಾಲಿಕ ಕೆಲಸ. ಮೊದಲಿನ ತಮ್ಮ ನೌಕರರಲ್ಲಿ ಒಬ್ಬನೇ ಅಲ್ಲಿ ಅವರಿಗಿಂತ ಮೇಲಿನ ಕುರ್ಚಿಯಲ್ಲಿದ್ದಾನೆ. ಅದನ್ನು ಹೇಳುವಾಗ ಈಗಲೂ ಅವರ ದನಿ ಸಣ್ಣಗಾಗುತ್ತೆ.

ಮೊನ್ನೆ ಬಂದಾಗ ಅದೇ ನೋಟ್‌ಬುಕ್ ಕೈಯಲ್ಲಿತ್ತು, ಮೂಲೆಗಳು ಮಡಿಸಿಹೋಗಿದ್ದವು. ಹಿಂದಿನ ಪುಟಗಳಿಂದ ಬರೆಯುತ್ತಾ ಬಂದಿದ್ದರು. ಯಾರಿಗೆ ಫೋನ್ ಮಾಡಬೇಕು, ಯಾವ ಕಂತು ಯಾವಾಗ, ಪಕ್ಕದಲ್ಲಿ ಟಿಕ್ ಗುರುತು. ಮಾತಾಡುತ್ತಾ ಮಾತಾಡುತ್ತಾ ಮೊದಲ ಪುಟಕ್ಕೆ ಬಂದರು. ದಪ್ಪಕ್ಷರ, ಅಡಿಗೆರೆ, ಹತ್ತು ಅಂಕಿ.

“ಇದಿನ್ನೂ ಖಾಲಿನೇ ಮೇಡಂ. ಹರಿದು ಹಾಕ್ಲಾ?”

“ನಿಮ್ಮಿಷ್ಟ.”

ಹರಿಯಲಿಲ್ಲ. ಮುಚ್ಚಿ ಬ್ಯಾಗಿಗೆ ಹಾಕಿಕೊಂಡರು. ಮುಂದಿನ ವಾರ ಇದೇ ಹೊತ್ತಿಗೆ ಬರ್ತೀರಾ ಅಂತ ಕೇಳಿದೆ. ಅವರು ಫೋನ್ ತೆಗೆದು ಕ್ಯಾಲೆಂಡರ್ ನೋಡಿದರು. ನೋಡುತ್ತಿರುವಾಗಲೇ ಅದು ಜೋರಾಗಿ ರಿಂಗಾಯಿತು. ಕಟ್ ಮಾಡಿ, ‘ಆಮೇಲೆ ಮಾಡ್ತೀನಿ’ ಅಂತ ಮೆಸೇಜ್ ಒತ್ತಿದರು.

“ಮುಂದಿನ ವಾರ ಆಗಲ್ಲ ಮೇಡಂ. ಮಂಗಳವಾರ ಮಗಳನ್ನ ಈಜೋ ಕ್ಲಾಸಿಗೆ ಸೇರಿಸ್ಬೇಕು. ಬುಧವಾರ ಕಂತಿನವರ ಹತ್ರ ಮಾತಾಡ್ಬೇಕು. ಶುಕ್ರವಾರ ಒಂದು ಇಂಟರ್‌ವ್ಯೂ, ಹೋಗ್ಲೇಬೇಕು.”

ಡೈರಿಯ ಬಲ ಅಂಚಿನಲ್ಲಿ ಮೂರು ಗೀಟು ಹಾಕಿದೆ.